ಮುಂದಿನ ಸೀಟಿನ ಬೀರಪ್ಪ

ನಮ್ಮ ಹಿರೇಬೆಂಡಿಗೇರಿಯಲ್ಲಿ ಬರೀ ಬೀರಪ್ಪ ಅಂದರೆ ಯಾವ ಬೀರಪ್ಪ ಅಂತ ಕೇಳುತ್ತಾರೆ. ಕುರಿ ಇದ್ದ ಮನೆಗೊಬ್ಬ ಬೀರಪ್ಪ ಇದ್ದಾನೆ ಇಲ್ಲಿ. ಮುಂದಿನ ಸೀಟಿನ ಬೀರಪ್ಪ ಅಂದರೆ ಮಾತ್ರ ಯಾರೂ ಕೇಳುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ಅವನು ನನ್ನ ದೂರದ ಅಕ್ಕ ಕರೆವ್ವನ ಒಬ್ಬನೇ ಮಗ. ನನ್ನನ್ನು ಮಾವ ಅನ್ನುತ್ತಾನೆ. ಆ ಸಲಿಗೆಯಿಂದಲೇ ಇದನ್ನು ಹೇಳುತ್ತಿದ್ದೇನೆ. ಮಾತು ಬಿರುಸಾಯಿತು ಅಂತ ಯಾರಿಗಾದರೂ ಅನ್ನಿಸಿದರೆ, ಅವರು ಆ ದಿನ ನಮ್ಮ ಜೊತೆ ಮೋಟಾರಿನ ಹಿಂದೆ ಇರಲಿಲ್ಲ ಅಂತ ತಿಳಿಯುತ್ತೇನೆ.

ಕರೆವ್ವನ ಗಂಡ ಪ್ಲೇಗಿನಲ್ಲಿ ಹೋದಾಗ ಬೀರಪ್ಪ ಇನ್ನೂ ತೊಟ್ಟಿಲ ಕೂಸು. ನಾಲ್ಕು ಕುರಿ ಬಿಟ್ಟರೆ ಮನೆಗೆ ಬೇರೆ ಆಧಾರ ಇರಲಿಲ್ಲ. ಕರೆವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಹಿಂದೆ ತಡಸದ ಅಡವಿಯ ಅಂಚಿನ ತನಕ ಅಡ್ಡಾಡಿದಳು, ಮನೆಗೆ ಬಂದು ಉಣ್ಣೆ ನೂತಳು, ಕಂಬಳಿ ನೇಯುವವರಿಗೆ ನೂಲು ಕೊಟ್ಟು ಜೋಳ ತಂದಳು. ಮಗ ನಡೆಯುವ ವಯಸ್ಸಿಗೆ ಬಂದ ಮೇಲೂ 'ಕಾಲು ನೋಯ್ತಾವಬೇ' ಅಂದರೆ ಸಾಕು, ಎತ್ತಿ ಹೆಗಲ ಮೇಲೆ ಕೂಡಿಸಿಕೊಳ್ಳುತ್ತಿದ್ದಳು. ಅವನ ಕಾಲು ದಿನಾಲೂ ನೋಯುತ್ತಿದ್ದವು.

"ಅಕ್ಕಾ, ಅವನ್ನ ಕೆಳಗ ಇಳಸು. ಇಲ್ಲಾಂದ್ರ ಮೀಸಿ ಬಂದ ಮ್ಯಾಲೂ ಹೊರಬೇಕಾಗ್ತದ ನೋಡು" ಎಂದು ನಾನು ಒಮ್ಮೆ ರೇಗಿದೆ.

"ಇರ್ಲಿ ಬಿಡೋ ಗುದ್ಲೆಪ್ಪಾ, ತಂದಿ ಇಲ್ಲದ ಕೂಸು" ಎಂದಳು.

ಯುದ್ಧ ಸುರುವಾಗಿ ಒಂದೆರಡು ವರ್ಷಕ್ಕೆ ಶಿಗ್ಗಾಂವಿಗೆ ಭರತಿ ಮಾಡಿಕೊಳ್ಳುವ ಸಾಹೇಬರು ಬಂದರು. ಆಳೆತ್ತರದ ಹುಡುಗರನ್ನು ನಿಲ್ಲಿಸಿ ಎದೆ ಅಳೆದರು, ಹಲ್ಲು ನೋಡಿದರು. ಬೀರಪ್ಪ ಕುರಿಗಳನ್ನು ದಾರಿಯಲ್ಲೇ ಬಿಟ್ಟು ಹೋಗಿ ಹೆಸರು ಕೊಟ್ಟ. ಕುರಿಗಳು ತಾವಾಗಿಯೇ ಮನೆಗೆ ಬಂದವು, ಮಗ ಬರಲಿಲ್ಲ. ಕರೆವ್ವ ಅನ್ನ ನೀರು ಬಿಟ್ಟು ಅತ್ತಳು. ಮಗ ರಣರಂಗಕ್ಕೆ ಹೋದ, ಇನ್ನು ಹೆಣವೂ ಸಿಗುವುದಿಲ್ಲ ಅಂತ ಅವಳ ಎಣಿಕೆ. ಹಾಗೇನೂ ಆಗಲಿಲ್ಲ. ಬರ್ಮಾದಲ್ಲಿ ಗುಂಡು ಹಾರುತ್ತಿದ್ದಾಗ ನಮ್ಮ ಶೂರ ಪುಣೆಯ ಹತ್ತಿರ ಒಂದು ಗೋದಾಮಿನಲ್ಲಿ ಬೂಟು ಜೋಡಿಸುತ್ತಿದ್ದ. ಅದೂ ಕೆಲಸವೇ. ಬೂಟು ಯಾರಾದರೂ ಜೋಡಿಸಲೇಬೇಕು, ಅದಕ್ಕೆ ನಾನು ನಗುವವನಲ್ಲ. ಆದರೆ ರಜೆಯ ಮೇಲೆ ಊರಿಗೆ ಬಂದಾಗ ಅವನು ಕಟ್ಟೆಯ ಮೇಲೆ ಕೂತು ಮಾತಾಡುವುದನ್ನು ಕೇಳಿದರೆ, ಜಪಾನಿನವರು ಇವನ ಒಂದೊಂದು ಬೂಟಿಗೂ ಹೆದರಿ ಹಿಂದೆ ಸರಿದಂತಿತ್ತು.

ಮೊದಲ ರಜೆಗೆ ಬಂದಾಗಲೇ ಅವನು ಕೆಟ್ಟ. ಕೆಡಿಸಿದವರು ನಾವೇ, ಅಂದರೆ ಈ ಸೀಮೆಯ ಮಂದಿ. ಹಾನಗಲ್ಲ–ಶಿಗ್ಗಾಂವಿ ದಾರಿಯಲ್ಲಿ ಮೋಟಾರು ಓಡಿಸುತ್ತಿದ್ದ ಮಾಲಕರಿಗೆ ಆಗ ಟೈರು ಬೇಕಾದರೂ ಸರಕಾರದ ಪರವಾನಿಗಿ ಬೇಕಾಗಿತ್ತು. ಖಾಕಿ ಕಂಡಲ್ಲಿ ಕೈ ಮುಗಿಯುವ ಚಾಳಿ ಅವರಿಗೆ ಹತ್ತಿತ್ತು. ಬೀರಪ್ಪ ಖಾಕಿ ಡ್ರೆಸ್ಸು, ಬೂಟು ಹಾಕಿಕೊಂಡು ಸ್ಟ್ಯಾಂಡಿಗೆ ಬಂದದ್ದೇ ತಡ, ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಿದ್ದ ಮುದುಕನೊಬ್ಬನನ್ನು ಎಬ್ಬಿಸಿ, 'ಬರ್ರಿ ಜವಾನ್ ಸಾಹೇಬ್ರ, ಇಲ್ಲಿ ಕುಂದರ್ರಿ' ಎಂದರು. ಜನ್ಮದಲ್ಲಿ ಯಾರೂ ಅವನಿಗೆ 'ರಿ' ಹಚ್ಚಿ ಮಾತಾಡಿರಲಿಲ್ಲ. ಅಂದಿನಿಂದ ಅವನ ಕಾಲು ನೆಲಕ್ಕೆ ಹತ್ತಲಿಲ್ಲ.

ಮೋಟಾರಿನ ಸೀಟಿಗೇ ಮುಗಿದಿದ್ದರೆ ಸುಮ್ಮನಿರುತ್ತಿದ್ದೆ. ಹಿಟ್ಟಿನ ಗಿರಣಿಗೆ ಹೋದರೆ ಹೆಂಗಸರ ಬುಟ್ಟಿಗಳನ್ನು ಕಾಲಿನಿಂದ ಸರಿಸಿ ತನ್ನ ಜೋಳ ಮುಂದಿಡುವವನು. ವರದಾ ಹೊಳೆ ದಾಟಬೇಕಾದರೆ ದೋಣಿಯಲ್ಲಿ ಇವನೇ ಮೊದಲು ಹತ್ತಬೇಕು, ಮೊದಲು ಇಳಿಯಬೇಕು. ಸೀಮೆಎಣ್ಣೆಯ ಪಾಳಿಯಲ್ಲಿ ಬೆಳಗಿನಿಂದ ನಿಂತವರ ಮುಂದೆ ಹೋಗಿ ಡಬ್ಬಿ ಚಾಚುವವನು. ಯಾರಾದರೂ ತುಟಿ ಪಿಟಕ್ಕೆಂದರೆ, "ಮಿಲಿಟರಿ ಆದ್ಮಿ ಅದೇನಿ. ನಾವು ಅಲ್ಲಿ ಅದೇವಿ ಅಂತ ನೀವು ಇಲ್ಲಿ ಅದೀರಿ" ಅನ್ನುತ್ತಿದ್ದ. ಈ ಮಾತನ್ನು ಪುಣೆಯಲ್ಲಿ ಯಾರೋ ಹೇಳಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಎತ್ತಿನ ಚಕ್ಕಡಿಯವನ ಮೇಲೂ ಇದನ್ನೇ ಒಗೆಯುತ್ತಿದ್ದ. ಹೆತ್ತ ತಾಯಿಗೂ 'ಜಲ್ದಿ, ಜಲ್ದಿ' ಅನ್ನುವುದನ್ನು ಕಲಿತಿದ್ದ. ಕರೆವ್ವ ಅದಕ್ಕೂ ಹಿಗ್ಗಿದಳು. ಪಾಪ, ತಾಯಿ.

ಸಿಪಾಯಿಗೆ ದಾರಿಯಲ್ಲಿ ಜಾಸ್ತಿ ಮರ್ಯಾದೆ ಕೊಡಬೇಕೋ ಬೇಡವೋ ಅನ್ನುವ ಮಾತು ಆಗ ಎಲ್ಲ ಕಟ್ಟೆಗಳ ಮೇಲೂ ಬರುತ್ತಿತ್ತು. ಹಾನಗಲ್ಲಿನ ಅಕ್ಕಿ ವ್ಯಾಪಾರಿ ಪರಮೇಶಪ್ಪನವರು, "ಕೊಡಬೇಕ್ರಿ, ಅವರು ಜೀವಾ ಒತ್ತಿ ಇಟ್ಟಾರ" ಅನ್ನುತ್ತಿದ್ದರು. ಪಲ್ಟನ್ನಿಗೆ ಅಕ್ಕಿ ಕಳಿಸುವ ಗುತ್ತಿಗೆ ಅವರದು, ಯುದ್ಧ ಇನ್ನೂ ಹತ್ತು ವರ್ಷ ನಡೆಯಲಿ ಅಂತ ಪೂಜೆ ಮಾಡಿಸುವವರು ಅವರು. ಖಾದಿ ಟೋಪಿಯ ಹುಡುಗರು, "ಅದು ಇಂಗ್ರೇಜರ ಯುದ್ಧ, ಇವನಿಗ್ಯಾಕ ಕೊಡಬೇಕು" ಎಂದು ಜಗಳಕ್ಕೆ ಬರುತ್ತಿದ್ದರು. ನನಗೆ ಎರಡೂ ಸರಿ ಬರಲಿಲ್ಲ. ಒಮ್ಮೆ ಸವಣೂರಿನ ಹುಡುಗನೊಬ್ಬ ಯುದ್ಧದಲ್ಲಿ ಒಂದು ಕಾಲು ಕಳಕೊಂಡು ಕೋಲೂರಿಕೊಂಡು ಮೋಟಾರು ಹತ್ತಿದ. ಯಾರೂ ಹೇಳಲಿಲ್ಲ, ಕೇಳಲಿಲ್ಲ, ಕೂತವರೆಲ್ಲ ಎದ್ದು ನಿಂತೆವು. ಖಾದಿ ಟೋಪಿಯವರೂ ಎದ್ದರು. ಕೊಡುವ ಮರ್ಯಾದೆ ಹಾಗೆ ಕೊಡುತ್ತಾರೆ. ಅಂದು ಮುಂದಿನ ಸೀಟಿನಿಂದ ಏಳದೆ ಕೂತವನು ಒಬ್ಬನೇ, ಯಾರು ಅಂತ ಹೇಳಬೇಕಾಗಿಲ್ಲ.

ಕರೆವ್ವನಿಗೆ ಈ ವಾದ ಯಾವುದೂ ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಒಬ್ಬ ಸೊಸೆ. ಮಗ ಪಲ್ಟನ್ನಿಗೆ ಹೋದ ಮೇಲೆ ಆ ಮನೆಯಲ್ಲಿ ಮಾತಾಡುವವರು ಇರಲಿಲ್ಲ. ಕುರಿಗಳ ಜೊತೆ ಮಾತಾಡಿ ಮಾತಾಡಿ ಅವಳ ದನಿಯೇ ಒಡೆದುಹೋಗಿತ್ತು. ಕಣ್ಣಿಗೆ ಪೊರೆ ಬರುತ್ತಿತ್ತು, ನೂಲಿನ ಎಳೆ ಕೈಗೆ ಸಿಗುತ್ತಿದ್ದರೂ ಕಣ್ಣಿಗೆ ಸಿಗುತ್ತಿರಲಿಲ್ಲ. "ಕಣ್ಣು ಪೂರಾ ಹೋಗೂದ್ರಾಗ ಸೊಸಿ ಮಾರಿ ನೋಡಬೇಕೋ ಗುದ್ಲೆಪ್ಪಾ. ಇದೊಂದ ನನಗ ಬೇಕಾಗಿದ್ದು" ಅನ್ನುತ್ತಿದ್ದಳು. ಹಂಸಭಾವಿಯ ಹುಚ್ಚಪ್ಪನ ಹಿರೀ ಮಗಳು ಸುಶೀಲವ್ವನನ್ನು ನೋಡಿ ಬಂದೆವು. ಹುಡುಗಿ ಮಾತು ಕಡಿಮೆ, ಆಡಿದ ಮಾತು ನೆಟ್ಟಗೆ. ಕರೆವ್ವ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಹುಡುಗಿಯೂ ಬಿಡಿಸಿಕೊಳ್ಳಲಿಲ್ಲ.

ನಲವತ್ನಾಲ್ಕರಲ್ಲಿ ಬೀರಪ್ಪ ರಜೆಗೆ ಬಂದಾಗ ಹಂಸಭಾವಿಯಲ್ಲೇ ಮದುವೆಯಾಯಿತು. ಅಕ್ಷತೆಯ ಹೊತ್ತಿನಲ್ಲೂ ಅವನು ಖಾಕಿ ಬಿಚ್ಚುವುದಿಲ್ಲ ಅಂದ. ಪೇಟ ಸುತ್ತಿ, ಬಾಸಿಂಗ ಕಟ್ಟಿ, ಕೆಳಗೆ ಬೂಟು ಹಾಕಿಕೊಂಡು ನಿಂತ. ಹುಚ್ಚಪ್ಪನ ಹೆಂಡತಿ ಮಾದೇವಿ ಬೂಟು ಬಿಡಿರಪ್ಪಾ ಅಂತ ಕೈ ಮುಗಿದ ಮೇಲೆ, ಉಪಕಾರ ಮಾಡುವವನ ಹಾಗೆ ಬಿಟ್ಟ.

ಮರುದಿನ ಹುಡುಗಿಗೆ ತವರಿನವರು ಉಡಿ ತುಂಬಿದರು. ನಮ್ಮಲ್ಲಿ ಇದು ಸಣ್ಣ ಸಂಗತಿ ಅಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಸವಣೂರಿನ ಎಲೆ, ಕುಬಸ ಹೊಲಿಸುವ ಕಣದ ಬಟ್ಟೆ, ಎಲ್ಲವನ್ನೂ ಸೆರಗಿನಲ್ಲಿ ತುಂಬಿ ಸೊಂಟಕ್ಕೆ ಸಿಕ್ಕಿಸುತ್ತಾರೆ. ಗಂಡನ ಮನೆ ಮುಟ್ಟುವ ತನಕ ಆ ಉಡಿ ಬಿಚ್ಚುವಂತಿಲ್ಲ, ನೆಲಕ್ಕೆ ಇಳಿಸುವಂತಿಲ್ಲ. ಅಲ್ಲಿನ ದೇವರ ಜಗಲಿಯ ಮುಂದೆ ಇಳಿಸಿದ ಮೇಲೇ ಅವಳು ಆ ಮನೆಯವಳು. ಅಲ್ಲಿಯ ತನಕ ದಾರಿಯೆಲ್ಲ ಅವಳದು. ಹೇರು ತುಂಬಿದ ಚಕ್ಕಡಿಯವನೂ ಅವಳನ್ನು ಕಂಡರೆ ಪಕ್ಕಕ್ಕೆ ಎಳೆದು ನಿಲ್ಲಿಸುತ್ತಾನೆ. ದೋಣಿಯವನು ದುಡ್ಡು ಕೇಳುವುದಿಲ್ಲ. ಅವಳು ಯಾರನ್ನೂ ಏನೂ ಕೇಳುವುದಿಲ್ಲ, ತಲೆ ಬಗ್ಗಿಸಿಕೊಂಡು ಕೂತಿರುತ್ತಾಳೆ, ಅಷ್ಟೇ.

ಹಂಸಭಾವಿಯಿಂದ ಹಾನಗಲ್ಲಿಗೆ ಮೋಟಾರು. ಯುದ್ಧದ ಕಾಲದ ಇದ್ದಲಿ ಮೋಟಾರು ಅದು. ಪೆಟ್ರೋಲು ಸಿಗದೆ ಹೋದಾಗ ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಲಿ ಉರಿಸಿ, ಆ ಹೊಗೆಯ ಬಲದಿಂದ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅನ್ನುವುದು ದೊಡ್ಡ ಮಾತು. ಸಪಾಟು ದಾರಿಯಲ್ಲಿ ಓಡುತ್ತಿತ್ತು, ಏರು ಬಂದರೆ ಕೆಮ್ಮಿ ನಿಲ್ಲುತ್ತಿತ್ತು. ಹಂಸಭಾವಿ ಬಿಟ್ಟು ಎರಡು ಹರದಾರಿ ಮೇಲೆ ಕರೇಕಲ್ಲ ದಿನ್ನಿ ಅಂತ ಒಂದು ಏರು. ಆ ಕಡೆಯಿಂದ ಬಂದರೂ ಏರು, ಈ ಕಡೆಯಿಂದ ಬಂದರೂ ಏರು. ಅಲ್ಲಿ ಎಲ್ಲರೂ ಇಳಿಯಬೇಕು, ಎಲ್ಲರೂ ದೂಡಬೇಕು. ಇದು ಯಾರೂ ಬರೆದಿಟ್ಟ ಕಾಯದೆ ಅಲ್ಲ, ಆದರೂ ಮೀರಿದವರಿಲ್ಲ. ಗೌಡರು ದೂಡಿದ್ದಾರೆ, ಮಾಸ್ತರರು ದೂಡಿದ್ದಾರೆ, ಒಮ್ಮೆ ಮಠದ ಅಯ್ಯನವರು ಕಾವಿ ಮೇಲಕ್ಕೆ ಕಟ್ಟಿ ದೂಡಿದ್ದನ್ನು ಈ ಕಣ್ಣಿನಿಂದ ನೋಡಿದ್ದೇನೆ. ಬಿಡುಗಡೆ ಇದ್ದದ್ದು ಬಸುರಿಗೆ, ಬಾಣಂತಿಗೆ, ಹಾಸಿಗೆ ಹಿಡಿದವರಿಗೆ, ಉಡಿ ತುಂಬಿದ ಮದುಮಗಳಿಗೆ. ಅವರು ಒಳಗೆ ಕೂತಿರುತ್ತಾರೆ, ಅವರ ಭಾರ ಉಳಿದವರು ದೂಡುತ್ತಾರೆ.

ಅಂದು ಬೀರಪ್ಪ ಮುಂದಿನ ಸೀಟಿನಲ್ಲಿ. ಹೊಸ ಹೆಂಡತಿ ಹಿಂದೆ, ಹೆಂಗಸರ ನಡುವೆ, ಕರೆವ್ವನ ಪಕ್ಕದಲ್ಲಿ. ಪರಮೇಶಪ್ಪನವರೂ ಅದೇ ಮೋಟಾರಿನಲ್ಲಿ ಹಾನಗಲ್ಲಿಗೆ ಹೊರಟಿದ್ದರು. ಹಿಂದಿನ ದಿನ ಮಳೆ ಬಿದ್ದು ಇದ್ದಲಿ ಹಸಿಯಾಗಿತ್ತು. ದಿನ್ನಿಯ ಬುಡದಲ್ಲೇ ಮೋಟಾರು ಎರಡು ಸಲ ಗೊರಗೊರ ಅಂದು ನಿಂತಿತು. ಡ್ರೈವರ ಶಹಾಬುದ್ದೀನ ಹಿಂದಿರುಗಿ ನೋಡಿ ಕೂಗಿದ.

"ಇಳೀರ್ರಿ, ದಿನ್ನಿ ಬಂತು! ಎಲ್ಲಾರೂ ಇಳೀರಿ! ತಂಗೀ, ನೀ ಇಳೀಬ್ಯಾಡವಾ, ಉಡಿ ತುಂಬೇದ."

ಎಲ್ಲ ಇಳಿದೆವು. ಪರಮೇಶಪ್ಪನವರು ಧೋತರ ಎತ್ತಿ ಕಟ್ಟಿದರು. ಕರೆವ್ವನಿಗೆ ನಾನು ಕೂಡ್ರು ಅಂದೆ, ಕೇಳದೆ ಅವಳೂ ಇಳಿದಳು. ಡ್ರೈವರನನ್ನು ಬಿಟ್ಟರೆ ಮೋಟಾರಿನಲ್ಲಿ ಉಳಿದವರು ಇಬ್ಬರೇ, ಹಿಂದೆ ಸುಶೀಲವ್ವ, ಮುಂದೆ ಅವಳ ಗಂಡ. ದೂಡಿದೆವು. ಬಂಡಿ ಒಂದು ಮಾರು ಏರಿ ಹಿಂದಕ್ಕೇ ಬಂತು. ಮತ್ತೆ ದೂಡಿದೆವು. ಮತ್ತೆ ಬಂತು.

ಶಹಾಬುದ್ದೀನ ಹಣೆ ಒರೆಸಿಕೊಂಡು ಹೇಳಿದ, "ಜವಾನ್ ಸಾಹೇಬ್ರ, ನೀವೂ ಇಳೀರಿ. ಬಂಡಿಗೆ ದಮ್ಮಿಲ್ಲ."

ಬೀರಪ್ಪ ಮುಂದೆ ನೋಡುತ್ತಲೇ ಹೇಳಿದ, "ಮಿಲಿಟರಿ ಆದ್ಮಿ ಮೋಟಾರು ದೂಡೂದಿಲ್ಲ. ಡ್ರೆಸ್ಸಿಗೆ ಅವಮಾನ ಆಗ್ತದ."

"ಡ್ರೆಸ್ಸು ಬಿಚ್ಚಿ ಸೀಟಿನ ಮ್ಯಾಲ ಇಡಪಾ, ಅದು ಕುಂತಿರ್ಲಿ. ನೀ ಇಳಿ" ಎಂದೆ ನಾನು. ಒಂದಿಬ್ಬರು ನಕ್ಕರು. ಬೀರಪ್ಪನ ಕಿವಿ ಕೆಂಪಾದವು.

ಪರಮೇಶಪ್ಪನವರು ನಡುವೆ ಬಾಯಿ ಹಾಕಿದರು. "ಇರ್ಲಿ ಬಿಡ್ರಿ, ಸಿಪಾಯಿ ಅದಾರ, ಅವರಿಗೆ ಅಷ್ಟು ಮರ್ಯಾದಿ ನಾವು ಕೊಡಬೇಕು." ಹೀಗೆ ಅಂದವರು ತಾವು ದೂಡುವಾಗ ಬಲ ಹಾಕದೆ ಬರೀ ಉಸಿರು ಬಿಡುತ್ತಿದ್ದರು, ಅದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ.

"ಮರ್ಯಾದಿ ಕೊಡಾಕ ನಂದೇನೂ ತಕರಾರಿಲ್ರಿ. ಆದ್ರ ಇಬ್ಬರು ಕುಂತ್ರ ಇದು ಏರೂದಿಲ್ಲ. ಒಬ್ಬರರ ಇಳೀಲೇಬೇಕು" ಎಂದ ಶಹಾಬುದ್ದೀನ.

ಒಬ್ಬರು ಅಂದರೆ ಯಾರು ಅಂತ ಕುರಿಮರಿಗೂ ತಿಳಿಯುತ್ತಿತ್ತು. ಬೀರಪ್ಪ ಈಗ ಇಳಿಯುತ್ತಾನೆ ಅಂತ ಎಲ್ಲ ನೋಡುತ್ತಾ ನಿಂತೆವು. ಅವನು ಅರ್ಧ ತಿರುಗಿ, ಹಿಂದಕ್ಕೆ ಕೈ ಬೀಸಿದ.

"ಏ, ನೀ ಇಳಿ."

ಅದು ತನಗೆ ಅಂದದ್ದು ಅಂತ ಹುಡುಗಿಗೆ ಮೊದಲು ತಿಳಿಯಲೇ ಇಲ್ಲ. ಬೇರೆ ಯಾರಾದರೂ ಇದ್ದಾರೇನೋ ಅಂತ ಅಕ್ಕಪಕ್ಕ ನೋಡಿದಳು. ಮದುವೆಯಾದ ಮೇಲೆ ಗಂಡ ಅವಳ ಜೊತೆ ಆಡಿದ ಮೊದಲ ಮಾತು ಅದು.

"ಬೀರ್ಯಾ, ಅಕಿ ಉಡಿ ತುಂಬೇದೋ!" ಎಂದಳು ಕರೆವ್ವ.

"ಉಡಿ ಹಿಡಕೊಂಡ ಇಳೀಲಿ. ಜಲ್ದಿ, ಜಲ್ದಿ."

ನನಗೆ ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ. ಅಲ್ಲಿದ್ದ ಮೂವತ್ತು ಮಂದಿಯಲ್ಲಿ ಯಾರೂ ಅವನ ಕೊರಳಪಟ್ಟಿಗೆ ಕೈ ಹಾಕಲಿಲ್ಲ, ಖಾಕಿಗೆ ಹೆದರಿ. ಸುಶೀಲವ್ವ ಎದ್ದಳು. ಒಂದು ಕೈಯಲ್ಲಿ ಉಡಿ ಒತ್ತಿ ಹಿಡಿದು ಮೆಟ್ಟಿಲು ಇಳಿದಳು. ಸೆರಗನ್ನು ಇನ್ನೊಮ್ಮೆ ಬಿಗಿಯಾಗಿ ಸಿಕ್ಕಿಸಿದಳು. ಪೀಪಾಯಿಯ ಪಕ್ಕದಲ್ಲಿ ಹಿಡಿಯಲು ಒಂದು ಕಬ್ಬಿಣದ ಸರಳು ಇತ್ತು, ಮಸಿ ಮೆತ್ತಿ ಜಿಗುಟಾಗಿದ್ದ ಸರಳು, ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ. ಉಳಿದ ಜಾಗವೆಲ್ಲ ತುಂಬಿದ್ದರಿಂದ ಅವಳಿಗೆ ಸಿಕ್ಕಿದ್ದು ಅದೇ. ಅರಿಷಿಣ ಹಚ್ಚಿದ ಎರಡೂ ಕೈ ಅದರ ಮೇಲಿಟ್ಟು ದೂಡಿದಳು. ಪಕ್ಕದಲ್ಲಿ ಕರೆವ್ವ ದೂಡಿದಳು. ನಾನು ದೂಡಿದೆ. ಬಂಡಿ ಏರಿತು. ಅದರ ಮುಂದಿನ ಸೀಟಿನಲ್ಲಿ ನಮ್ಮ ದೇಶ ಕಾಯುವವನು ಏರಿದ.

ದಿನ್ನಿಯ ನೆತ್ತಿಯಲ್ಲಿ ಶಹಾಬುದ್ದೀನ ಬಂಡಿ ಆರಲು ಬಿಡದೆ ಗುರುಗುಡಿಸುತ್ತಾ ನಿಲ್ಲಿಸಿದ. ಮಂದಿ ದಡಬಡಿಸಿ ಹತ್ತಿದರು. ಸುಶೀಲವ್ವ ಹತ್ತಲಿಲ್ಲ. ದಾರಿಯ ಪಕ್ಕದಲ್ಲಿ ನಿಂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಕರೆವ್ವ ಹತ್ತಿರ ಹೋಗಿ ಆ ಕೈಗಳನ್ನು ಕಣ್ಣಿನ ಸಮೀಪ ಹಿಡಿದು ನೋಡಿದಳು. ಅರಿಷಿಣದ ಗುರುತೂ ಉಳಿದಿರಲಿಲ್ಲ, ಮಣಿಕಟ್ಟಿನ ತನಕ ಕಪ್ಪು.

"ಅತ್ತಿ, ನನ್ನ ಮನಿಗೆ ಕರಕೊಂಡು ಹೊಂಟವರು ಯಾರು? ನೀವೋ, ಅವರೋ?" ಎಂದು ಹುಡುಗಿ ಕೇಳಿದಳು. ಅಳುತ್ತಿರಲಿಲ್ಲ ಅವಳು. ತಿಳಿಯದೆ ಕೇಳಿದಂತೆ ಕೇಳಿದಳು.

ಕರೆವ್ವ ಮೋಟಾರಿನ ಕಡೆ ನೋಡಿದಳು, ಅವಳಿಗೆ ಎಷ್ಟು ಕಾಣಿಸಿತೋ. ಮೂರ್ನಾಲ್ಕು ವರ್ಷದಿಂದ ಕನವರಿಸಿದ ಸೊಸೆ ಕೈಯಲ್ಲಿ ಇದ್ದಳು, ಇನ್ನೊಂದು ಮಾತಿಗೆ ಮನೆ ಸೇರುವವಳು. 'ಹತ್ತವ್ವಾ, ಗಂಡಸರು ಹಂಗ ಇರ್ತಾರ' ಅಂದಿದ್ದರೆ ಹುಡುಗಿ ಹತ್ತುತ್ತಿದ್ದಳೇನೋ. ನೂರು ತಾಯಂದಿರು ಹಾಗೇ ಅನ್ನುತ್ತಾರೆ.

"ನಡಿಯವ್ವಾ. ನಿಮ್ಮವ್ವನ ಮನಿಗೆ ಬಿಟ್ಟ ಬರ್ತೇನಿ" ಎಂದಳು ಕರೆವ್ವ.

ಶಹಾಬುದ್ದೀನ ಬೀರಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. "ನಿಮ್ಮ ಮಂದಿ ಹತ್ತಿಲ್ರಿ ಸಾಹೇಬ್ರ." ಅದಕ್ಕೆ ಅವನು ತಿರುಗಿಯೂ ನೋಡದೆ, "ಹಿಂದ ಎಲ್ಲೋ ಕುಂತಿರ್ತಾರ, ನೀ ಚಲಾಯಿಸು" ಎಂದ. ಮೋಟಾರು ಹೊರಟುಹೋಯಿತು. ನಾನೂ ಹತ್ತಿರಲಿಲ್ಲ. ಮೂವರೂ ಬಂದ ದಾರಿ ಹಿಡಿದು ಹಂಸಭಾವಿಗೆ ನಡೆದೆವು. ಎದುರು ಬಂದ ಚಕ್ಕಡಿಯವರು ಉಡಿ ನೋಡಿ ಪಕ್ಕಕ್ಕೆ ನಿಂತರು, ಆಮೇಲೆ ಅವಳು ಹೋಗುತ್ತಿದ್ದ ದಿಕ್ಕು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತ ನಮ್ಮೂರಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರಂತೆ. ಬೀರಪ್ಪ ಒಬ್ಬನೇ ಬಂದು ನಿಂತಾಗ ಆರತಿ ಎತ್ತಬೇಕೋ ಬಿಡಬೇಕೋ ತಿಳಿಯದೆ ತಟ್ಟೆ ಒಳಗೆ ಒಯ್ದರಂತೆ.

ಹುಚ್ಚಪ್ಪನ ಮನೆಯಲ್ಲಿ ಹೆಣ ಬಿದ್ದಂತಾಯಿತು. ಕಳಿಸಿಕೊಟ್ಟ ಮಗಳು ಅದೇ ದಿನ ತುಂಬಿದ ಉಡಿಯ ಸಮೇತ ತಿರುಗಿ ಬರುವುದು ಅಂದರೆ! ಮಾದೇವಿ ಗೋಡೆಗೆ ಹಣೆ ಚಚ್ಚಿಕೊಂಡಳು. ಹುಚ್ಚಪ್ಪ ಕೆಟ್ಟವನಲ್ಲ, ಆದರೆ ಹೆದರಿದವನು. "ಇನ್ನೂ ಇಬ್ಬರು ಹೆಣ್ಣಮಕ್ಕಳದಾರ ಮನ್ಯಾಗ. ನೀ ಬಂದು ಕುಂತ್ರ ಅವರನ್ನ ಯಾರು ಮಾಡಿಕೋತಾರ? ನಾಳಿ ಅವರು ಬಂದ್ರ ಸುಮ್ಮನ ಹೋಗಿಬಿಡು" ಎಂದ. ಉಡಿ ಬಿಚ್ಚುವಂತಿಲ್ಲವಲ್ಲ, ಸುಶೀಲವ್ವ ಹಾಗೇ ಕಂಬಕ್ಕೆ ಒರಗಿ ಬೆಳಗು ಮಾಡಿದಳು. ಕರೆವ್ವ ಅವಳ ಪಕ್ಕದಲ್ಲೇ ಕೂತಿದ್ದಳು.

ಮರುದಿನ ಮಧ್ಯಾಹ್ನದ ಮೋಟಾರಿಗೆ ಬೀರಪ್ಪ ಬಂದ. ಇಸ್ತ್ರಿ ಮುರಿಯದ ಖಾಕಿ, ಕನ್ನಡಿಯಂಥ ಬೂಟು. ಹುಚ್ಚಪ್ಪ ಓಡಿ ಹೋಗಿ ಅಂಗಳದ ಕಟ್ಟೆಯ ಮೇಲೆ ಕಂಬಳಿ ಹಾಸಿದ. ಬೀರಪ್ಪ ಕೂಡಲಿಲ್ಲ. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತದ್ದನ್ನು ನೋಡಿ ದನಿ ಎತ್ತರಿಸಿದ.

"ಏನಿದು ತಮಾಷಾ? ಮಿಲಿಟರಿ ಆದ್ಮಿ ಮರ್ಯಾದಿ ಏನಾಗಬೇಕು? ಊರ ಮಂದೀ ಎಲ್ಲಾ ನನ್ನ ನೋಡಿ ನಕ್ಕರು. ಕಳಿಸ್ರಿ ಅಕಿನ್ನ, ಮೋಟಾರು ತಿರುಗಿ ಹೊಂಡ್ತದ."

ಹುಚ್ಚಪ್ಪ ಒಳಗೆ ನೋಡಿ, "ಏಳವ್ವಾ, ಹೋಗವ್ವಾ" ಎಂದು ಅಂಗಲಾಚಿದ. ಒಳಗಿನಿಂದ ಸುಶೀಲವ್ವನ ದನಿ ಬಂತು.

"ಅಪ್ಪಾ, ಅವರನ್ನ ಒಂದ ಮಾತು ಕೇಳು. ಇವತ್ತು ಬರಾಗ ದಿನ್ನಿಗೆ ಇಳಿದಾರೋ, ಇಲ್ಲೋ?"

ಬೀರಪ್ಪ ನನ್ನ ಕಡೆ ನೋಡಿದ, ಓಣಿಯ ಮಂದಿಯ ಕಡೆ ನೋಡಿದ. ಹೊಸಿಲ ಒಳಗೆ ನಿಂತಿದ್ದ ತಾಯಿಯ ಕಡೆಯೂ ನೋಡಿದ. ನಿನ್ನೆಯ ಸಂಗತಿ ಹಂಸಭಾವಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಇಲ್ಲ ಅಂದರೆ ಏನಾಗುತ್ತದೆ ಅಂತ ಅವನ ತಲೆಗೂ ಹೊಳೆದಿರಬೇಕು.

"ಇಳಿದೆ. ಅದಕ್ಕೇನು ಈಗ? ಎಲ್ಲಾರ ಗತೆ ಇಳಿದೆ. ದೂಡಿದೆ ಸುದ್ದಾ" ಎಂದ.

ಹುಚ್ಚಪ್ಪನ ಮುಖ ಅರಳಿತು. "ಕೇಳಿದೇನವಾ, ದೂಡ್ಯಾರಂತ!" ಎಂದ. ನನಗೂ ಒಂದು ಗಳಿಗೆ ಸಮಾಧಾನ ಆದದ್ದು ಸುಳ್ಳಲ್ಲ. ತಾಯಿಯ ಮಗ, ಬುದ್ಧಿ ಬಂತೇನೋ ಅಂದುಕೊಂಡೆ.

ಸುಶೀಲವ್ವ ಹೊರಗೆ ಬಂದಳು. ಸೊಂಟದಲ್ಲಿ ಉಡಿ ಹಾಗೇ ಇತ್ತು. ಗಂಡನ ಎದುರಿಗೆ ನಿಂತು ಎರಡೂ ಅಂಗೈ ಬಿಚ್ಚಿ ಹಿಡಿದಳು. ಆ ಸರಳಿನ ಮಸಿ ಒಮ್ಮೆಗೆ ಹೋಗುವ ಮಸಿ ಅಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು, ಆದರೂ ಗೆರೆಗೆರೆಗಳಲ್ಲಿ ಕಪ್ಪು ಕೂತಿತ್ತು. ನನ್ನ ಅಂಗೈಯೂ ಅಂದು ಹಾಗೇ ಇತ್ತು. ಬಂಡಿಯ ಯಾವ ಮೈ ಮುಟ್ಟಿದರೂ ಅಷ್ಟಿಷ್ಟು ಹತ್ತಲೇಬೇಕು.

"ನಿಮ್ಮ ಕೈ ತೋರಿಸ್ರಿ" ಎಂದಳು.

ಬೀರಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಪಲ್ಟನ್ನಿನಲ್ಲಿ ಸಾಹೇಬರ ಮುಂದೆ ಹಾಗೆ ನಿಲ್ಲುವುದನ್ನು ಕಲಿಸಿರುತ್ತಾರೆ. ಎದೆ ಮುಂದೆ ಬಂದಿತ್ತು, ಗದ್ದ ಮೇಲಿತ್ತು. ಅವನ ಬೆನ್ನ ಹಿಂದೆ ನಿಂತಿದ್ದ ಓಣಿಯ ಮಂದಿಗೆ ಕೈ ಚೆನ್ನಾಗಿಯೇ ಕಾಣಿಸುತ್ತಿತ್ತು. ಒಬ್ಬ ಮುದುಕಿ, "ಹಾಲಿನಾಗ ತೊಳದಂಗ ಅದಾವ ನೋಡವಾ" ಎಂದು ಗಟ್ಟಿಯಾಗಿಯೇ ಹೇಳಿದಳು.

ಕರೆವ್ವ ಹೊಸಿಲು ದಾಟಿ ಬಂದಳು. ಮಗನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಅವನ ಕಡೆ ಹೋಗಲೇ ಇಲ್ಲ, ಸೊಸೆಯ ಮುಂದೆ ನಿಂತಳು.

"ಇವ ನನ್ನ ಮಗ. ನಾ ಹಡದೇನಿ, ನಾ ಹೊತ್ತೇನಿ, ನನಗ ಬಿಡಾಕ ಬರೂದಿಲ್ಲ. ನೀ ಬಿಡಬಹುದವ್ವಾ. ನಿನಗ ಯಾರರ ಏನರ ಅಂದ್ರ, ಕರೆವ್ವ ಹೇಳ್ಯಾಳ ಅಂತ ಹೇಳು."

ಇದನ್ನು ಹೇಳಿದ ಮೇಲೆ ತನ್ನ ಮನೆಗೆ ತಾನು ಒಬ್ಬಳೇ ಹೋಗಬೇಕು ಅನ್ನುವುದು ಅವಳಿಗೆ ಗೊತ್ತಿತ್ತು.

ಸುಶೀಲವ್ವ ಸೊಂಟದ ಸೆರಗು ಸಡಿಲಿಸಿದಳು. "ಅಯ್ಯ, ಉಡಿ! ಇಲ್ಲಿ ಬಿಚ್ಚಬ್ಯಾಡ!" ಎಂದು ಮಾದೇವಿ ಕಿರುಚಿದಳು. ಹುಡುಗಿ ಕೇಳಲಿಲ್ಲ. ಕರೆವ್ವನ ಸೆರಗಿನ ಎರಡು ತುದಿ ತೆಗೆದು ಅವಳ ಕೈಗೇ ಹಿಡಿಸಿ, ಕಪ್ಪಾದ ಬೊಗಸೆಯಿಂದ ಅಕ್ಕಿ ಎತ್ತಿ ಎತ್ತಿ ಅದರಲ್ಲಿ ಹಾಕಿದಳು. ಕೊಬ್ಬರಿ ಹಾಕಿದಳು, ಉತ್ತತ್ತಿ ಹಾಕಿದಳು, ಬಾಡಿದ ಎಲೆ ಹಾಕಿದಳು. ಗಂಡ ಸತ್ತವಳ ಉಡಿ ನಮ್ಮಲ್ಲಿ ಯಾರೂ ತುಂಬುವುದಿಲ್ಲ. ಕರೆವ್ವನ ಸೆರಗಿಗೆ ಅಕ್ಕಿ ಬೀಳದೆ ಬೀರಪ್ಪನ ವಯಸ್ಸಿನಷ್ಟು ವರ್ಷ ಆಗಿತ್ತು.

"ಇದನ್ನ ನಿಮ್ಮ ಮನಿ ಜಗಲಿ ಮುಂದ ಇಳಸ್ರಿ ಅತ್ತಿ. ಅವರು ರಜಾ ಮುಗಿಸಿ ಹೋದ ಮ್ಯಾಲ ನಾನೂ ಬರ್ತೇನಿ. ನಿಮ್ಮ ಸೊಸಿಯಾಗಿ ಬರ್ತೇನಿ. ಅವರ ಹೆಂಡ್ತಿ ಆಗೂದು ಆಮ್ಯಾಲ ನೋಡೂಣು."

ಸ್ಟ್ಯಾಂಡಿನಲ್ಲಿ ಮೋಟಾರು ಹೊರಡುವ ಹಾರ್ನು ಕೇಳಿಸಿತು. ಬೀರಪ್ಪ ಕೈ ಬೆನ್ನಿಗೆ ಕಟ್ಟಿಕೊಂಡೇ ನಿಂತಿದ್ದ. ಕರೆವ್ವ ತುಂಬಿದ ಉಡಿ ಎದೆಗೆ ಒತ್ತಿ ಹಿಡಿದುಕೊಂಡು ಅವನ ಮುಂದೆಯೇ ಹಾದು ಹೋದಳು. ಮಂದಿ ಸರಿದು ಅವಳಿಗೆ ದಾರಿ ಬಿಟ್ಟರು.